ಎಡಿಸನ್ನನ ಧಾರ್ಮಿಕ ಸಂದೇಹವೂ ಅದರ ಪರಿಣಾಮಗಳೂ

೧

ಥಾಮಸ್ ಆಲ್ವ ಎಡಿಸನ್ನನ ಹೆಸರನ್ನು ಅರಿಯದ ವಿದ್ಯಾರ್ಥಿ ನಮ್ಮ ಕಾಲೇಜುಗಳಲ್ಲಿ ಇರಲಾರನು. ಧ್ವನಿಯನ್ನು ಹಿಡಿದಿಟ್ಟು ಮರಳಿ ನುಡಿಸುವ ಫೋನೊಗ್ರಾಫ್ (೧೮೭೭), ಬಹುಕಾಲ ಉರಿಯಬಲ್ಲ ವಿದ್ಯುದ್ದೀಪ (೧೮೭೯), ನ್ಯೂಯಾರ್ಕಿನ ಪರ್ಲ್ ಬೀದಿಯ ವಿದ್ಯುದುತ್ಪಾದನ ಕೇಂದ್ರ (೧೮೮೨)—ಇವೆಲ್ಲ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿರುವ ಸಂಗತಿಗಳು. ಅವನ ಹೆಸರಿನಲ್ಲಿ ಅಮೆರಿಕದ ಸರ್ಕಾರವು ನೀಡಿದ ಪೇಟೆಂಟುಗಳ ಸಂಖ್ಯೆ ೧,೦೯೩. ಆದರೆ ಇದೇ ಎಡಿಸನ್ನನು ೧೯೧೦ನೆಯ ಇಸವಿಯಲ್ಲಿ ಆತ್ಮದ ಅಮರತ್ವವನ್ನು ಕುರಿತು ಆಡಿದ ಕೆಲವು ಮಾತುಗಳು ಆ ದೇಶದ ಪತ್ರಿಕೆಗಳಲ್ಲಿಯೂ ಚರ್ಚುಗಳಲ್ಲಿಯೂ ದೊಡ್ಡ ಕೋಲಾಹಲವನ್ನೆಬ್ಬಿಸಿದುವೆಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಈ ಪ್ರಸಂಗವನ್ನು ಕುರಿತು ನಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗಿದೆ. ಎಡಿಸನ್ನನು ವಾಸ್ತವವಾಗಿ ಸಂದೇಹಿಸಿದ್ದು ಏನನ್ನು? ಅವನು ಏನನ್ನು ನಿರಾಕರಿಸಿದನೆಂದು ಲೋಕವು ತಿಳಿಯಿತು? ಆ ಮಾತಿನ ಬೆಲೆಯನ್ನು ತೆತ್ತವರು ಯಾರು? ಮೊದಲನೆಯ ಎರಡು ಪ್ರಶ್ನೆಗಳಿಗೆ ಉತ್ತರಗಳು ಒಂದೇ ಆಗಿಲ್ಲವೆಂಬುದರಲ್ಲಿಯೇ ಈ ಪ್ರಸಂಗದ ಸ್ವಾರಸ್ಯವೆಲ್ಲ ಅಡಗಿದೆ. ಮೂರನೆಯದಕ್ಕೆ ಉತ್ತರವನ್ನು ಹುಡುಕಹೊರಟರೆ, ಪತ್ರಿಕೆಗಳ ಪುಟಗಳಿಂದ ಹೊರಟು ಒಂದು ಮನೆಯ ಒಳಗೆ ಹೋಗಬೇಕಾಗುತ್ತದೆ.

೨

ಎಡಿಸನ್ನನು ೧೮೪೭ರ ಫೆಬ್ರುವರಿ ೧೧ರಂದು ಒಹಾಯೊ ಸಂಸ್ಥಾನದ ಮಿಲನ್ ಎಂಬ ಊರಿನಲ್ಲಿ ಜನಿಸಿದನು. ೧೮೫೪ರಲ್ಲಿ ಆ ಕುಟುಂಬವು ಮಿಷಿಗನ್ನಿನ ಪೋರ್ಟ್ ಹ್ಯೂರನ್ನಿಗೆ ಬಂದು ನೆಲೆಸಿತು. ತಾಯಿ ನ್ಯಾನ್ಸಿ ಉಪಾಧ್ಯಾಯಿನಿಯಾಗಿದ್ದವಳು, ದೈವಭಕ್ತೆ. ಶಾಲೆ ಒಗ್ಗದ ಮಗನಿಗೆ ಆಕೆಯೇ ಮನೆಯಲ್ಲಿ ಪಾಠ ಹೇಳಿದಳು. ತಂದೆ ಸ್ಯಾಮ್ಯುಅಲ್ ಸ್ವತಂತ್ರ ವಿಚಾರದವನು. ಥಾಮಸ್ ಪೇಯ್ನನ ಗ್ರಂಥಗಳಲ್ಲಿ ಅವನಿಗೆ ಅಪಾರವಾದ ಗೌರವ. ಬಾಲಕ ಎಡಿಸನ್ನನು ಹದಿಮೂರು ವರ್ಷದ ಪ್ರಾಯದ ಸುಮಾರಿಗೆ ಪೇಯ್ನನನ್ನು ಓದಿದನು. ಆ ಓದು ತನ್ನ ಮನಸ್ಸಿನ ಮೇಲೆ ಬೀರಿದ ಪ್ರಭಾವವನ್ನು ಅವನು ಮುಪ್ಪಿನಲ್ಲಿಯೂ ಕೃತಜ್ಞತೆಯಿಂದ ಸ್ಮರಿಸಿದ್ದಾನೆ. ನ್ಯೂಯಾರ್ಕಿನ ಸಮೀಪದ ನ್ಯೂ ರೋಷೆಲ್ಲಿನಲ್ಲಿ ಪೇಯ್ನನ ಸ್ಮಾರಕ ಭವನಕ್ಕಾಗಿ ೧೯೨೫ರಲ್ಲಿ ಮೊದಲ ಗುದ್ದಲಿಯ ಮಣ್ಣನ್ನು ತೆಗೆದವನು ಎಡಿಸನ್ನನೇ.

ಪೇಯ್ನನ ವಿಚಾರವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ಲೇಖನಿಯಿಂದ ಹೋರಾಡಿದ ಆತ ೧೭೯೪ರಲ್ಲಿ ‘ವಿವೇಕಯುಗ’ ಎಂಬ ಅರ್ಥದ ಹೆಸರುಳ್ಳ ಗ್ರಂಥದ ಮೊದಲ ಭಾಗವನ್ನು ಪ್ರಕಟಿಸಿದನು. ಬೈಬಲ್ಲು ಈಶ್ವರಪ್ರೇರಿತವೆಂಬುದನ್ನೂ ಪವಾಡಗಳನ್ನೂ ಅವನು ಅದರಲ್ಲಿ ಖಂಡಿಸಿದನು. ಆದರೆ ಈಶ್ವರನನ್ನು ಅಲ್ಲಗಳೆಯಲಿಲ್ಲ. ಸೃಷ್ಟಿಯೇ ಈಶ್ವರನ ನಿಜವಾದ ಗ್ರಂಥವೆಂಬುದು ಅವನ ಮತ. ಆದಾಗ್ಯೂ ಜನರು ಅವನನ್ನು ನಿರೀಶ್ವರವಾದಿಯೆಂದೇ ಕರೆದರು. ೧೮೦೯ರಲ್ಲಿ ಅವನು ತೀರಿಕೊಂಡಾಗ ಶವಸಂಸ್ಕಾರಕ್ಕೆ ಬಂದವರು ಬೆರಳೆಣಿಕೆಯಷ್ಟು ಜನ ಮಾತ್ರ. ತಾನಾಡಿದ ಮಾತು ಒಂದು, ಲೋಕ ಕೇಳಿಸಿಕೊಂಡ ಮಾತು ಇನ್ನೊಂದು ಎಂಬ ಪೇಯ್ನನ ಈ ಗತಿ ನೂರು ವರ್ಷಗಳ ಮೇಲೆ ಅವನ ಶಿಷ್ಯನಿಗೂ ಬಂದಿತು. ಆದರೆ ಫಲ ಮಾತ್ರ ಬೇರೆಯಾಯಿತು.

ಎಡಿಸನ್ನನಿಗೆ ಬಾಲ್ಯದಿಂದಲೇ ಕಿವಿ ಮಂದವಾಗಿತ್ತು. ಪ್ರವಚನ, ಪ್ರಾರ್ಥನೆ, ಸಾಮೂಹಿಕ ಕೀರ್ತನೆಗಳಿಂದ ಕೂಡಿದ ಪ್ರಾಟೆಸ್ಟಂಟ್ ಆರಾಧನೆ ಮುಖ್ಯವಾಗಿ ಕಿವಿಯ ಮೂಲಕ ನಡೆಯತಕ್ಕದ್ದು. ಅವನ ಪಾಲಿಗೆ ಆ ಬಾಗಿಲು ಅರ್ಧ ಮುಚ್ಚಿಯೇ ಇತ್ತು. ೧೮೮೫ರ ಜುಲೈ ತಿಂಗಳಲ್ಲಿ ಅವನು ಕೆಲವು ದಿನಗಳ ಮಟ್ಟಿಗೆ ಒಂದು ದಿನಚರಿಯನ್ನು ಬರೆದನು. ತನ್ನ ಅಂತಃಕರಣಕ್ಕೆ ಭಾನುವಾರದ ನೆನಪೇ ಇಲ್ಲವೆಂದೂ, ಕಿವಿ ಸರಿಯಾಗಿದ್ದರೆ ಚರ್ಚಿಗೆ ಹೋಗಿ ಅದರ ಕಿಲುಬನ್ನು ತೆಗೆಸಿಕೊಳ್ಳಬಹುದಾಗಿತ್ತೆಂದೂ ಅಲ್ಲಿ ತಮಾಷೆ ಮಾಡಿಕೊಂಡಿದ್ದಾನೆ. ಈ ಹಾಸ್ಯದಲ್ಲಿ ದ್ವೇಷವಿಲ್ಲ. ಹೊರಗೆ ನಿಂತವನ ಉದಾಸೀನವಿದೆ. ಆದುದರಿಂದ ೧೯೧೦ರ ಮಾತು ಹಠಾತ್ತಾಗಿ ಹುಟ್ಟಿದ್ದಲ್ಲ. ಹೊಸದಾಗಿದ್ದುದು ಅದರ ಪ್ರಕಟನೆ ಮಾತ್ರ.

೩

ಆ ಪ್ರಕಟನೆಗೆ ನಿಮಿತ್ತವಾದುದು ಮತ್ತೊಬ್ಬ ಪ್ರಸಿದ್ಧನ ಮರಣ. ಹಾರ್ವರ್ಡ್ ವಿಶ್ವವಿದ್ಯಾಲಯದ ದಾರ್ಶನಿಕನೂ ಮನಶ್ಶಾಸ್ತ್ರಜ್ಞನೂ ಆದ ವಿಲಿಯಂ ಜೇಮ್ಸ್ ೧೯೧೦ರ ಆಗಸ್ಟ್ ೨೬ರಂದು ತೀರಿಕೊಂಡನು. ಪ್ರೇತಸಂಪರ್ಕವೇ ಮೊದಲಾದ ವಿಷಯಗಳನ್ನು ಶಾಸ್ತ್ರೀಯವಾಗಿ ಪರಿಶೀಲಿಸಬೇಕೆಂದು ವಾದಿಸುತ್ತಿದ್ದವನಾದುದರಿಂದ, ಅವನು ಪರಲೋಕದಿಂದ ಸಂದೇಶ ಕಳುಹಿಸುವನೇ ಎಂಬ ಕುತೂಹಲ ಪತ್ರಿಕೆಗಳಲ್ಲಿ ಹರಡಿತು. ಈ ಸಂದರ್ಭದಲ್ಲಿ ಎಡ್ವರ್ಡ್ ಮಾರ್ಷಲ್ ಎಂಬ ಪತ್ರಿಕಾಲೇಖಕನು ಎಡಿಸನ್ನನನ್ನು ಕಂಡು ಮಾತನಾಡಿಸಿದನು. ಆ ಸಂದರ್ಶನವು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ೧೯೧೦ರ ಅಕ್ಟೋಬರ್ ೨ರ ಸಂಚಿಕೆಯಲ್ಲಿ, ಆತ್ಮಕ್ಕೆ ಅಮರತ್ವವಿಲ್ಲವೆಂದು ಎಡಿಸನ್ನನು ಹೇಳುತ್ತಾನೆಂಬ ಅರ್ಥದ ಶಿರೋನಾಮೆಯನ್ನು ಹೊತ್ತು ಪ್ರಕಟವಾಯಿತು.

ಅಲ್ಲಿ ಎಡಿಸನ್ನನು ಮುಂದಿಟ್ಟ ವಾದವನ್ನು ಮೂರು ಭಾಗವಾಗಿ ವಿಂಗಡಿಸಬಹುದು.

ಮೊದಲನೆಯದು, ಮನುಷ್ಯನು ಒಂದು ಅಖಂಡ ವಸ್ತುವಲ್ಲ, ಅಸಂಖ್ಯಾತ ಜೀವಕೋಶಗಳ ಸಮುದಾಯ ಎಂಬುದು. ನ್ಯೂಯಾರ್ಕ್ ನಗರವು ಹೇಗೆ ಅನೇಕ ನಿವಾಸಿಗಳ ಒಟ್ಟು ಹೆಸರೋ ಹಾಗೆಯೇ ‘ನಾನು’ ಎಂಬುದೂ ಒಂದು ಒಟ್ಟು ಹೆಸರು. ನಗರವು ಸ್ವರ್ಗಕ್ಕೆ ಹೋಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಹಾಗಿರುವಾಗ ಕೋಶಸಮುದಾಯವಾದ ಮನುಷ್ಯನು ಹೋಗುತ್ತಾನೆಯೇ ಎಂದು ಕೇಳುವುದಕ್ಕೆ ಅರ್ಥವೇನು?

ಎರಡನೆಯದು ಅವನ ಸ್ವಂತ ಯಂತ್ರದಿಂದಲೇ ತೆಗೆದ ದೃಷ್ಟಾಂತ. ಮಿದುಳು ಅನುಭವಗಳನ್ನು ದಾಖಲುಮಾಡಿಕೊಳ್ಳುವ ಒಂದು ಉಪಕರಣ, ಫೋನೊಗ್ರಾಫಿನ ಉರುಳೆಯಂತೆ. ಉರುಳೆಗೆ ಅಮರತ್ವವನ್ನು ಯಾರೂ ಆರೋಪಿಸುವುದಿಲ್ಲ. ಉರುಳೆ ಒಡೆದರೆ ಅದರಲ್ಲಿದ್ದ ಹಾಡು ಎಲ್ಲಿಗೂ ಹೋಗುವುದಿಲ್ಲ, ಇಲ್ಲವಾಗುತ್ತದೆ, ಅಷ್ಟೆ.

ಮೂರನೆಯದು ಪ್ರಕೃತಿಯ ಸ್ವಭಾವಕ್ಕೆ ಸಂಬಂಧಪಟ್ಟದ್ದು. ನಮಗೆ ತಿಳಿದಿರುವುದು ಪ್ರಕೃತಿಯೇ ಹೊರತು ಮತಗಳು ಹೇಳುವ ದೇವತೆಗಳಲ್ಲ. ಪ್ರಕೃತಿಯಲ್ಲಿ ದಯೆಯಾಗಲಿ ಪ್ರೇಮವಾಗಲಿ ಕಾಣುವುದಿಲ್ಲ. ದಯಾಮಯನಾದ ದೇವರು ನನ್ನನ್ನು ಸೃಷ್ಟಿಸಿದನಾದರೆ ನಾನು ಹಿಡಿದು ತಿನ್ನುವ ಮೀನನ್ನೂ ಅವನೇ ಸೃಷ್ಟಿಸಿದನಲ್ಲವೆ, ಆ ಮೀನಿನ ಪಾಲಿನ ದಯೆ ಎಲ್ಲಿ ಎಂಬುದು ಅವನ ಪ್ರಶ್ನೆ.

ಈ ವಾದಗಳು ದಾರ್ಶನಿಕ ದೃಷ್ಟಿಯಿಂದ ಹೊಸವಲ್ಲ. ಮೊದಲನೆಯದನ್ನು ಬೌದ್ಧರ ಸಂಘಾತವಾದದ ಪಕ್ಕದಲ್ಲಿಟ್ಟು ನೋಡಬಹುದು. ರಥವೆಂಬುದು ಚಕ್ರ, ಅಚ್ಚು, ನೊಗಗಳ ಸಮುದಾಯಕ್ಕೆ ಇಟ್ಟ ಹೆಸರೆಂಬ ದೃಷ್ಟಾಂತವು ದರ್ಶನಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವಾದುದು. ಮೂರನೆಯದು ಎಲ್ಲ ದೇಶಗಳ ಈಶ್ವರವಾದಿಗಳೂ ಎದುರಿಸಬೇಕಾಗಿಬಂದ ಹಳೆಯ ಆಕ್ಷೇಪ. ಎರಡನೆಯದು ಮಾತ್ರ ಎಡಿಸನ್ನನ ಕೈಯ ಗುರುತುಳ್ಳದ್ದು. ಆದರೆ ಅದೇ ಅತ್ಯಂತ ದುರ್ಬಲವಾದದ್ದೆಂದು ನಮಗೆ ತೋರುತ್ತದೆ. ಏಕೆಂದರೆ ಉರುಳೆಯಲ್ಲಿ ಹಾಡು ಇರಬೇಕಾದರೆ ಅದರ ಹೊರಗೆ ಹಾಡಿದವನೊಬ್ಬನು ಇರಬೇಕು, ಕೇಳುವವನೊಬ್ಬನೂ ಬೇಕು. ಆತ್ಮವಾದಿಯು ಈ ದೃಷ್ಟಾಂತವನ್ನೇ ಹಿಡಿದು, ಮಿದುಳು ಉರುಳೆಯಾದರೆ ಹಾಡುವವನೇ ಆತ್ಮ ಎಂದು ಹೇಳಿಬಿಡಬಹುದು. ದೃಷ್ಟಾಂತವು ವಿಷಯವನ್ನು ಬೆಳಗುತ್ತದೆ, ಸಿದ್ಧಮಾಡಿಕೊಡುವುದಿಲ್ಲವೆಂಬ ನೈಯಾಯಿಕರ ಎಚ್ಚರಿಕೆ ಇಲ್ಲಿ ಸಲ್ಲುತ್ತದೆ.

೪

ಎಡಿಸನ್ನನು ಸಂದೇಹಿಸಿದ್ದು ಮರಣಾನಂತರ ವ್ಯಕ್ತಿಯು ವ್ಯಕ್ತಿಯಾಗಿಯೇ ಉಳಿಯುವನೆಂಬುದನ್ನು; ನಿರಾಕರಿಸಿದ್ದು ಮತಗ್ರಂಥಗಳು ವರ್ಣಿಸುವ ದಯಾಮಯನಾದ ದೇವರನ್ನು. ವಿಶ್ವವನ್ನು ಆಳುವ ಯಾವುದೊಂದು ಚೈತನ್ಯವೂ ಇಲ್ಲವೆಂದು ಅವನು ಹೇಳಲಿಲ್ಲ. ಸಂದರ್ಶನವನ್ನೋದಿ ಆಕ್ಷೇಪಿಸಿದವರೊಬ್ಬರಿಗೆ ಬರೆದ ಖಾಸಗಿ ಪತ್ರದಲ್ಲಿ ಅವನು ಇದನ್ನು ಸ್ಪಷ್ಟಪಡಿಸಿದನು: ಲೇಖನವು ದೇವರನ್ನು ಅಲ್ಲಗಳೆಯುತ್ತದೆಂದು ತಿಳಿದದ್ದು ತಪ್ಪು; ನೀವು ದೇವರೆನ್ನುವುದನ್ನು ನಾನು ಪ್ರಕೃತಿಯೆನ್ನುತ್ತೇನೆ, ಜಡವಸ್ತುವನ್ನು ಆಳುವ ಪರಮ ಬುದ್ಧಿಶಕ್ತಿಯೆನ್ನುತ್ತೇನೆ; ನಮ್ಮ ಬುದ್ಧಿಯು ಅಥವಾ ಆತ್ಮವು ಮುಂದೆ ಒಂದು ಘಟಕವಾಗಿ ಬಾಳುತ್ತದೆಯೋ ಅಥವಾ ಬಂದಲ್ಲಿಗೇ ಚದರಿಹೋಗುತ್ತದೆಯೋ ಎಂಬುದಷ್ಟೇ ನನ್ನ ಸಂದೇಹ—ಇದು ಆ ಪತ್ರದ ಸಾರಾಂಶ.

ನಮ್ಮ ದೇಶದ ಪರಿಭಾಷೆಯು ಈ ಭೇದವನ್ನು ಇಂಗ್ಲಿಷಿನ ರೂಢಿಗಿಂತ ಹೆಚ್ಚು ಸೂಕ್ಷ್ಮವಾಗಿ ಹಿಡಿದಿಡಬಲ್ಲುದು. ‘ನಾಸ್ತಿಕ’ ಎಂಬ ಶಬ್ದವನ್ನು ನಾವು ಇಂದು ದೇವರಿಲ್ಲವೆನ್ನುವವನು ಎಂಬ ಅರ್ಥದಲ್ಲಿ ಸಲೀಸಾಗಿ ಬಳಸುತ್ತೇವೆ. ಆದರೆ ಪಾಣಿನಿಯ ಸೂತ್ರಗಳಿಗೆ ವೃತ್ತಿ ಬರೆದ ಕಾಶಿಕಾಕಾರರು ಪರಲೋಕವುಂಟೆಂಬ ಮತಿಯುಳ್ಳವನು ಆಸ್ತಿಕ, ಇಲ್ಲವೆಂಬ ಮತಿಯುಳ್ಳವನು ನಾಸ್ತಿಕ ಎಂದು ಅರ್ಥಮಾಡಿದರು. ಮನುಸ್ಮೃತಿಯಲ್ಲಿ ವೇದನಿಂದಕನೇ ನಾಸ್ತಿಕ. ಈಶ್ವರನ ವಿಷಯವು ಈ ಎರಡು ಅರ್ಥಗಳಲ್ಲಿಯೂ ಮುಖ್ಯವಲ್ಲ. ಕನ್ನಡ ನಾಡಿನ ಇತಿಹಾಸದಲ್ಲಿ ಹಿರಿದಾದ ಪಾತ್ರ ವಹಿಸಿದ ಜೈನದರ್ಶನವು ಸೃಷ್ಟಿಕರ್ತನಾದ ಈಶ್ವರನನ್ನು ಒಪ್ಪುವುದಿಲ್ಲ, ಆದರೆ ಜೀವದ ನಿತ್ಯತ್ವವನ್ನೂ ಜನ್ಮಾಂತರವನ್ನೂ ದೃಢವಾಗಿ ಒಪ್ಪುತ್ತದೆ. ಎಡಿಸನ್ನನು ನಿಂತದ್ದು ಇದಕ್ಕೆ ನೇರವಾಗಿ ಎದುರು ತುದಿಯಲ್ಲಿ: ವಿಶ್ವವನ್ನಾಳುವ ಬುದ್ಧಿಶಕ್ತಿಯುಂಟು, ಜೀವದ ನಿತ್ಯತ್ವವು ಸಂದೇಹಾಸ್ಪದ. ಕಾಶಿಕೆಯ ಅರ್ಥದಲ್ಲಿ ಅವನು ನಾಸ್ತಿಕತೆಯ ಅಂಚಿನಲ್ಲಿ ನಿಂತವನು, ಆದರೆ ನಿರೀಶ್ವರವಾದಿಯಲ್ಲ. ಈ ಎರಡನ್ನು ಬೇರೆಬೇರೆಯಾಗಿ ಕಾಣುವ ತಾಳ್ಮೆ ೧೯೧೦ರ ಪತ್ರಿಕಾಲೋಕದಲ್ಲಿರಲಿಲ್ಲ. ಶಿರೋನಾಮೆಯು ಸಂದೇಹವನ್ನು ನಿರಾಕರಣೆಯನ್ನಾಗಿ ಮಾಡಿತು. ಓದುಗರು ಆತ್ಮದ ನಿರಾಕರಣೆಯನ್ನು ದೇವರ ನಿರಾಕರಣೆಯನ್ನಾಗಿ ಮಾಡಿಕೊಂಡರು.

೫

ಸಾರ್ವಜನಿಕ ಪ್ರತಿಕ್ರಿಯೆ ತೀವ್ರವಾಗಿತ್ತು. ಪಾದ್ರಿಗಳು ಪ್ರವಚನಗಳಲ್ಲಿ ಉತ್ತರ ಕೊಟ್ಟರು, ಪತ್ರಿಕೆಗಳು ಸಂಪಾದಕೀಯಗಳನ್ನು ಬರೆದುವು, ಎಡಿಸನ್ನನ ಪ್ರಯೋಗಶಾಲೆಗೆ ಪತ್ರಗಳು ಬಂದುವು. ೧೯೧೧ರಲ್ಲಿ ‘ಕೊಲಂಬಿಯನ್’ ಮಾಸಪತ್ರಿಕೆಯಲ್ಲಿ ಎಡಿಸನ್ನನ ವಿಚಾರಗಳು ಮತ್ತೊಮ್ಮೆ ವಿಸ್ತಾರವಾಗಿ ಪ್ರಕಟವಾದಾಗ, ಅದೇ ಪತ್ರಿಕೆಯಲ್ಲಿ ಅಮೆರಿಕದ ಕ್ಯಾಥೊಲಿಕ್ ಧರ್ಮಾಧಿಕಾರಿಗಳಲ್ಲಿ ಅಗ್ರಗಣ್ಯನಾದ ಬಾಲ್ಟಿಮೋರಿನ ಕಾರ್ಡಿನಲ್ ಗಿಬನ್ಸ್ ಉತ್ತರವಿತ್ತನು. ಕಾಲದ ಹಿನ್ನೆಲೆಯನ್ನೂ ಇಲ್ಲಿ ಮರೆಯಬಾರದು. ಬೈಬಲ್ಲಿನ ಮೂಲತತ್ತ್ವಗಳನ್ನು ಆಧುನಿಕ ವಿಮರ್ಶೆಯಿಂದ ರಕ್ಷಿಸಬೇಕೆಂಬ ಉದ್ದೇಶದಿಂದ ‘ಫಂಡಮೆಂಟಲ್ಸ್’ ಎಂಬ ಪುಸ್ತಿಕೆಗಳ ಮಾಲೆ ಅಮೆರಿಕದಲ್ಲಿ ಹೊರಬರಲಾರಂಭಿಸಿದ್ದು ಅದೇ ೧೯೧೦ರಲ್ಲಿ. ಶಾಸ್ತ್ರಜ್ಞರ ಮಾತು ಶ್ರದ್ಧೆಯ ಬುಡವನ್ನೇ ಅಲುಗಿಸುತ್ತಿದೆಯೆಂಬ ಭೀತಿ ಜನರ ಮನಸ್ಸಿನಲ್ಲಿ ಆಗಲೇ ಇತ್ತು.

ಪ್ರತಿಪಕ್ಷದವರ ಆಕ್ಷೇಪಗಳಲ್ಲಿ ಒಂದು ಗಮನಾರ್ಹವಾದುದು. ವಿದ್ಯುತ್ತಿನಲ್ಲಿ ಪ್ರಾವೀಣ್ಯವುಳ್ಳವನು ಆತ್ಮದ ವಿಷಯದಲ್ಲಿ ಪ್ರಮಾಣಪುರುಷನಾಗುವುದು ಹೇಗೆ? ಪ್ರಶ್ನೆ ನ್ಯಾಯವಾದುದೇ. ಒಂದು ವಿಷಯದಲ್ಲಿ ಗಳಿಸಿದ ಕೀರ್ತಿಯನ್ನು ಇನ್ನೊಂದರಲ್ಲಿ ಸಾಕ್ಷ್ಯವಾಗಿ ಬಳಸಲಾಗದು. ಆದರೆ ಈ ನ್ಯಾಯ ಎರಡು ಕಡೆಗೂ ಸಲ್ಲಬೇಕು. ಅದೇ ಎಡಿಸನ್ನನು ಆತ್ಮವು ಅಮರವೆಂದು ಹೇಳಿದ್ದರೆ, ವಿದ್ಯುತ್ತಿನವನಿಗೆ ಈ ಅಧಿಕಾರವೆಲ್ಲಿಯದೆಂದು ಎಷ್ಟು ಮಂದಿ ಕೇಳುತ್ತಿದ್ದರು? ಅವನ ಮಾತು ಅಪಾಯಕರವೆನಿಸಿದ್ದು ಅದರ ತರ್ಕಬಲದಿಂದಲ್ಲ, ಆಡಿದವನ ಹೆಸರಿನಿಂದ.

ಇಷ್ಟಾದರೂ ಎಡಿಸನ್ನನಿಗೆ ಲೌಕಿಕವಾಗಿ ಉಂಟಾದ ಹಾನಿ ಅತ್ಯಲ್ಪ. ಅವನ ಕಂಪೆನಿಯ ಉರುಳೆಗಳಲ್ಲಿ ಕ್ರೈಸ್ತ ಕೀರ್ತನೆಗಳೂ ಇದ್ದುವು. ಭಕ್ತರ ಮನೆಗಳಲ್ಲಿ ಸಂದೇಹವಾದಿಯ ಯಂತ್ರವು ದೇವರ ಹಾಡುಗಳನ್ನು ಹಾಡಿತು. ೧೯೨೮ರಲ್ಲಿ ಅಮೆರಿಕದ ಶಾಸನಸಭೆಯ ಸುವರ್ಣಪದಕ ಅವನಿಗೆ ಬಂದಿತು. ೧೯೨೯ರಲ್ಲಿ ವಿದ್ಯುದ್ದೀಪದ ಸುವರ್ಣೋತ್ಸವವನ್ನು ಅಧ್ಯಕ್ಷ ಹೂವರನ ಸಮ್ಮುಖದಲ್ಲಿ ಹೆನ್ರಿ ಫೋರ್ಡನು ಡಿಯರ್‌ಬಾರ್ನಿನಲ್ಲಿ ನಡೆಸಿದನು.

ಬೇರೆಯವರ ಗತಿಯೊಡನೆ ಹೋಲಿಸಿದರೆ ಇದರ ವಿಶೇಷವು ತಿಳಿಯುತ್ತದೆ. ರಾಬರ್ಟ್ ಇಂಗರ್‌ಸಾಲ್ ಅಮೆರಿಕದ ಅತ್ಯುತ್ತಮ ವಾಗ್ಮಿಗಳಲ್ಲೊಬ್ಬನು. ೧೮೬೭ರಿಂದ ೧೮೬೯ರವರೆಗೆ ಇಲಿನಾಯ್ ಸಂಸ್ಥಾನದ ಅಟಾರ್ನಿ ಜನರಲ್ ಆಗಿದ್ದವನು. ಅಜ್ಞೇಯತಾವಾದವನ್ನು ಬಹಿರಂಗವಾಗಿ ಸಾರಿದವನಾದುದರಿಂದ ಮುಂದೆ ಅವನಿಗೆ ರಾಜಕೀಯ ಪದವಿಯ ಬಾಗಿಲು ತೆರೆಯಲೇ ಇಲ್ಲ. ಸಸ್ಯಗಳ ಹೊಸ ತಳಿಗಳನ್ನು ನಿರ್ಮಿಸಿ ಲೋಕವಿಖ್ಯಾತನಾದ ಲೂಥರ್ ಬರ್ಬ್ಯಾಂಕ್ ೧೯೨೬ರ ಜನವರಿಯಲ್ಲಿ ತಾನು ಅವಿಶ್ವಾಸಿಯೆಂದು ಪತ್ರಿಕೆಯೊಂದಕ್ಕೆ ಹೇಳಿದನು. ಪತ್ರಗಳ ಪ್ರವಾಹವೇ ಹರಿದುಬಂದಿತು. ಅವಕ್ಕೆ ಉತ್ತರಿಸುತ್ತ ಬಳಲಿದ ಎಪ್ಪತ್ತೇಳರ ವೃದ್ಧನು ಅದೇ ಏಪ್ರಿಲ್ ೧೧ರಂದು ತೀರಿಕೊಂಡನು. ಇದೇ ಬರ್ಬ್ಯಾಂಕನನ್ನು ಸಂತನೆಂದು ಕರೆದು, ಪರಮಹಂಸ ಯೋಗಾನಂದರು ೧೯೪೬ರಲ್ಲಿ ತಮ್ಮ ಆತ್ಮಕಥೆಯನ್ನು ಅವನ ಸ್ಮರಣೆಗೆ ಅರ್ಪಿಸಿದರೆಂಬುದು ಭಾರತೀಯ ಓದುಗರಿಗೆ ಕುತೂಹಲಕರವಾಗಿ ತೋರಬಹುದು.

ಇಂಗರ್‌ಸಾಲನು ಜನರ ಮತವನ್ನು ಬೇಡಬೇಕಾಗಿದ್ದವನು. ಎಡಿಸನ್ನನು ಬೇಡಬೇಕಾಗಿರಲಿಲ್ಲ, ಜನರು ಅವನಿಂದ ದೀಪವನ್ನೂ ಹಾಡನ್ನೂ ಪಡೆದಿದ್ದರು. ತನಗೆ ಉಪಯೋಗಿಯಾದವನ ಸಂದೇಹವನ್ನು ಸಮಾಜವು ಗದರಿಸಿ ಕ್ಷಮಿಸುತ್ತದೆ. ಉಪಯೋಗವೇ ಅವನ ಕವಚವಾಯಿತು. ಇದನ್ನು ವಿಚಾರಸ್ವಾತಂತ್ರ್ಯದ ವಿಜಯವೆಂದು ಹೊಗಳುವುದಕ್ಕೆ ನಮಗೆ ಮನಸ್ಸು ಬಾರದು. ಅಂಥ ಕವಚವಿಲ್ಲದ ಸಾಮಾನ್ಯ ಉಪಾಧ್ಯಾಯನೊಬ್ಬನು ಅದೇ ಮಾತನ್ನು ಆಡಿದ್ದರೆ ಅವನ ಉದ್ಯೋಗ ಉಳಿಯುತ್ತಿತ್ತೆಂದು ಹೇಳುವುದು ಕಷ್ಟ.

೬

ಈಗ ಮೂರನೆಯ ಪ್ರಶ್ನೆಗೆ ಬರೋಣ. ಎಡಿಸನ್ನನ ಮೊದಲ ಹೆಂಡತಿ ಮೇರಿ ಸ್ಟಿಲ್‌ವೆಲ್ ೧೮೮೪ರಲ್ಲಿ ತೀರಿಕೊಂಡಳು. ೧೮೮೬ರ ಫೆಬ್ರುವರಿ ೨೪ರಂದು ಅವನು ಒಹಾಯೊದ ಆಕ್ರನ್ ನಗರದಲ್ಲಿ ಮೀನಾ ಮಿಲ್ಲರಳನ್ನು ವಿವಾಹವಾದನು. ಮೀನಾಳ ತಂದೆ ಲೂಯಿಸ್ ಮಿಲ್ಲರ್ ಕಟಾವಿನ ಯಂತ್ರಗಳನ್ನು ನಿರ್ಮಿಸಿ ಹಣವಂತನಾದವನು. ತಾನೂ ಒಬ್ಬ ಆವಿಷ್ಕರ್ತ. ಜೊತೆಗೆ ಮೆಥಡಿಸ್ಟ್ ಪಂಥದ ಶ್ರದ್ಧಾವಂತ. ಭಾನುವಾರದ ಧರ್ಮಶಾಲೆಗಳ ಉಪಾಧ್ಯಾಯರಿಗೆ ಶಿಕ್ಷಣ ನೀಡುವುದಕ್ಕಾಗಿ ೧೮೭೪ರಲ್ಲಿ ಷಟಾಕ್ವ ಸರೋವರದ ದಡದಲ್ಲಿ ಆರಂಭವಾದ ಪ್ರಸಿದ್ಧ ಸಂಸ್ಥೆಯ ಇಬ್ಬರು ಸ್ಥಾಪಕರಲ್ಲಿ ಅವನೊಬ್ಬನು. ಇನ್ನೊಬ್ಬನು ಜಾನ್ ಹೈಲ್ ವಿನ್ಸೆಂಟ್ ಎಂಬ ಪಾದ್ರಿ, ಮುಂದೆ ಬಿಷಪ್ ಆದವನು.

ಈ ವಿನ್ಸೆಂಟನ ವಿಷಯವಾಗಿ ಎಡಿಸನ್ನನ ಜೀವನಚರಿತ್ರೆಯಲ್ಲಿ ಒಂದು ಸ್ವಾರಸ್ಯವಾದ ಕಥೆಯಿದೆ. ಫೋನೊಗ್ರಾಫ್ ಹೊಸದಾಗಿದ್ದ ಕಾಲದಲ್ಲಿ ಅವನು ಅದನ್ನು ನೋಡಲು ಬಂದನು. ಇದರಲ್ಲಿ ಏನೋ ಮೋಸವಿರಬೇಕೆಂಬ ಅನುಮಾನದಿಂದ, ಬೈಬಲ್ಲಿನ ಕ್ಲಿಷ್ಟವಾದ ಹೆಸರುಗಳನ್ನು ಅತಿವೇಗವಾಗಿ ಯಂತ್ರದೊಳಕ್ಕೆ ಉಚ್ಚರಿಸಿದನು. ಯಂತ್ರವು ಅವನ್ನೆಲ್ಲ ಯಥಾವತ್ತಾಗಿ ಮರಳಿ ನುಡಿಯಿತು. ಇಷ್ಟು ವೇಗವಾಗಿ ಈ ಹೆಸರುಗಳನ್ನು ಹೇಳಬಲ್ಲವನು ದೇಶದಲ್ಲಿ ಮತ್ತೊಬ್ಬನಿಲ್ಲ, ಆದುದರಿಂದ ತನಗೆ ತೃಪ್ತಿಯಾಯಿತೆಂದು ಅವನು ಒಪ್ಪಿಕೊಂಡನಂತೆ. ಪಾದ್ರಿಯು ಯಂತ್ರವನ್ನು ಸಂದೇಹಿಸಿದನು, ಪರೀಕ್ಷೆಮಾಡಿದನು, ನಂಬಿದನು. ಯಂತ್ರಕಾರನು ಪರಲೋಕವನ್ನು ಸಂದೇಹಿಸಿದನು. ಆದರೆ ಅವನಿಗೆ ಅಂಥ ಪರೀಕ್ಷೆ ದೊರೆಯಲಿಲ್ಲ. ಎರಡು ಸಂದೇಹಗಳಿಗೂ ಇರುವ ವ್ಯತ್ಯಾಸ ಇಷ್ಟೇ.

ಇಂಥ ಮನೆತನದ ಮಗಳು ಎಡಿಸನ್ನನ ಮಡದಿಯಾಗಿ ನ್ಯೂ ಜರ್ಸಿಯ ವೆಸ್ಟ್ ಆರೆಂಜಿನ ‘ಗ್ಲೆನ್‌ಮಾಂಟ್’ ಗೃಹಕ್ಕೆ ಬಂದಳು. ಆಕೆ ಕೊನೆಯವರೆಗೂ ನಿಷ್ಠೆಯುಳ್ಳ ಮೆಥಡಿಸ್ಟಳಾಗಿಯೇ ಉಳಿದಳು. ಮ್ಯಾಡಲೀನ್, ಚಾರ್ಲ್ಸ್, ಥಿಯೊಡೋರ್ ಎಂಬ ಮೂವರು ಮಕ್ಕಳು ಹುಟ್ಟಿದರು. ೧೮೯೮ರ ಜುಲೈ ತಿಂಗಳಲ್ಲಿ, ಕೊನೆಯ ಮಗನು ಹುಟ್ಟುವುದಕ್ಕೆ ಕೆಲವೇ ದಿನಗಳ ಮುಂಚೆ, ಮೀನಾಳ ತಮ್ಮ ಥಿಯೊಡೋರ್ ಮಿಲ್ಲರ್ ಕ್ಯೂಬದಲ್ಲಿ ಸ್ಪೇನಿನೊಡನೆ ನಡೆದ ಯುದ್ಧದಲ್ಲಿ ಗಾಯಗೊಂಡು ಮಡಿದನು. ಮಗುವಿಗೆ ಅವನ ಹೆಸರನ್ನೇ ಇಡಲಾಯಿತು. ೧೮೯೯ರ ಫೆಬ್ರುವರಿಯಲ್ಲಿ ತಂದೆ ಲೂಯಿಸ್ ಮಿಲ್ಲರನೂ ತೀರಿಕೊಂಡನು.

ಹೀಗೆ ಒಂದು ವರ್ಷ ತುಂಬುವ ಮೊದಲೇ ತಮ್ಮನನ್ನೂ ತಂದೆಯನ್ನೂ ಕಳೆದುಕೊಂಡ ಭಕ್ತೆಗೆ ಆತ್ಮದ ಅಮರತ್ವವೆಂಬುದು ಚರ್ಚೆಯ ವಿಷಯವಲ್ಲ. ಅಗಲಿದವರನ್ನು ಮತ್ತೆ ಕಾಣುವೆನೆಂಬ ಭರವಸೆ. ಆ ಭರವಸೆಗೆ ಆಧಾರವಿಲ್ಲವೆಂದು ಆಕೆಯ ಗಂಡನೇ ದೇಶಕ್ಕೆಲ್ಲ ತಿಳಿಯುವಂತೆ ಹೇಳಿದನು. ನಗರವು ಸ್ವರ್ಗಕ್ಕೆ ಹೋಗುತ್ತದೆಯೇ ಎಂಬ ಪ್ರಶ್ನೆ ಪತ್ರಿಕೆಯಲ್ಲಿ ಚಮತ್ಕಾರವಾಗಿ ಕಾಣುತ್ತದೆ. ಗ್ಲೆನ್‌ಮಾಂಟಿನಲ್ಲಿ ಅದನ್ನು ಓದಿದವಳಿಗೆ ಆ ನಗರದ ನಿವಾಸಿಗಳಿಗೆಲ್ಲ ಹೆಸರುಗಳಿದ್ದುವು. ಸಾರ್ವಜನಿಕರು ಆಕ್ಷೇಪಿಸಿ, ಮರೆತು, ಮರುವರ್ಷ ಹೊಸ ಯಂತ್ರವನ್ನು ಕೊಂಡರು. ಆಕೆ ಭಾನುವಾರ ಚರ್ಚಿಗೆ ಹೋಗಬೇಕಾಗಿತ್ತು, ಅದೇ ಸಭೆಯಲ್ಲಿ ಕುಳಿತುಕೊಳ್ಳಬೇಕಾಗಿತ್ತು, ಪಾದ್ರಿಗಳನ್ನು ಮನೆಯಲ್ಲಿ ಉಪಚರಿಸಬೇಕಾಗಿತ್ತು. ಸಂದೇಹದ ನಿಜವಾದ ಬೆಲೆಯನ್ನು ತೆತ್ತವಳು ಸಂದೇಹಿಸದಿದ್ದ ಮೀನಾ ಎಂದು ನಾವು ಹೇಳಬೇಕಾಗುತ್ತದೆ.

ಇದರಿಂದ ಎಡಿಸನ್ನನು ಹೆಂಡತಿಯ ಶ್ರದ್ಧೆಗೆ ಅಡ್ಡಿಬಂದನೆಂದು ಭಾವಿಸಬಾರದು. ಮಕ್ಕಳು ತಾಯಿಯ ಚರ್ಚಿನ ವಾತಾವರಣದಲ್ಲಿಯೇ ಬೆಳೆದರು. ಮೀನಾಳೂ ಗಂಡನನ್ನು ಬಹಿರಂಗವಾಗಿ ಖಂಡಿಸಹೋಗಲಿಲ್ಲ. ಆ ಮನೆಯಲ್ಲಿ ಎರಡು ನಿಲುವುಗಳು ನಲವತ್ತೈದು ವರ್ಷ ಒಂದೇ ಮಾಡಿನ ಕೆಳಗೆ ಬಾಳಿದುವು. ಆದರೆ ಶ್ರದ್ಧೆಯ ಎಲ್ಲೆಗಳು ವಿಚಿತ್ರವಾದುವು. ೧೯೧೪ರಲ್ಲಿ ಮ್ಯಾಡಲೀನಳು ಜಾನ್ ಸ್ಲೋನ್ ಎಂಬ ರೋಮನ್ ಕ್ಯಾಥೊಲಿಕನನ್ನು ವರಿಸಿದಾಗ, ಅಳಿಯನ ಮತವು ತಾಯಿಗೆ ಸುಲಭವಾಗಿ ಜೀರ್ಣವಾಗಲಿಲ್ಲ. ಮತವೇ ಇಲ್ಲದ ಗಂಡನೊಡನೆ ಹೊಂದಿಕೊಂಡವಳಿಗೆ ಅನ್ಯಪಂಥದ ಅಳಿಯನೊಡನೆ ಹೊಂದಿಕೊಳ್ಳುವುದು ಕಷ್ಟವಾಯಿತು. ದೂರದ ಭೇದಕ್ಕಿಂತ ಹತ್ತಿರದ ಭೇದವು ಹೆಚ್ಚು ಚುಚ್ಚುವುದು ನಮ್ಮಲ್ಲಿಯೂ ಕಾಣದ ಸಂಗತಿಯೇನಲ್ಲ.

೭

ಎಡಿಸನ್ನನ ಸಂದೇಹವು ಎಲ್ಲ ಕಡೆಗಳಲ್ಲಿಯೂ ಒಂದೇ ಸಮನಾಗಿ ಹರಿತವಾಗಿತ್ತೇ ಎಂಬ ಪ್ರಶ್ನೆಯೂ ಉಳಿದಿದೆ. ೧೮೭೮ರಲ್ಲಿ ಅವನು ಥಿಯೊಸಾಫಿಕಲ್ ಸೊಸೈಟಿಯ ಸದಸ್ಯತ್ವಪತ್ರಕ್ಕೆ ಸಹಿ ಹಾಕಿದ್ದನು. ಮರುವರ್ಷ ಮುಂಬಯಿಗೆ ಬಂದು, ೧೮೮೨ರಲ್ಲಿ ಮದರಾಸಿನ ಅಡಯಾರಿನಲ್ಲಿ ನೆಲೆಯೂರಿದ ಕರ್ನಲ್ ಆಲ್ಕಾಟ್ ಮತ್ತು ಮದಾಂ ಬ್ಲವಾಟ್‌ಸ್ಕಿಯವರ ಸಂಘವೇ ಇದು. ಮನಸ್ಸನ್ನು ಓದಬಲ್ಲೆನೆಂದು ಹೇಳಿಕೊಳ್ಳುತ್ತಿದ್ದ ಬರ್ಟ್ ರೀಸ್ ಎಂಬುವನ ಶಕ್ತಿ ನಿಜವಾದುದೆಂದೂ ಎಡಿಸನ್ನನು ನಂಬಿದನು; ಐಂದ್ರಜಾಲಿಕ ಹೂಡಿನಿಯಾದರೋ ಅದು ಕೈಚಳಕವೆಂದು ಕಂಡುಕೊಂಡನು. ಮತದ ವಿಷಯದಲ್ಲಿ ಸಂದೇಹವಾದಿಯಾದವನು ಎಲ್ಲ ವಿಷಯಗಳಲ್ಲಿಯೂ ಎಚ್ಚರದವನಾಗಿರುತ್ತಾನೆಂಬ ನಿಯಮವಿಲ್ಲ.

೧೯೨೦ರ ಅಕ್ಟೋಬರಿನಲ್ಲಿ ಎರಡು ಪ್ರಸಿದ್ಧ ಪತ್ರಿಕೆಗಳು ಇನ್ನೂ ಆಶ್ಚರ್ಯಕರವಾದ ವಾರ್ತೆಯನ್ನು ಪ್ರಕಟಿಸಿದುವು: ಸತ್ತವರ ವ್ಯಕ್ತಿತ್ವವು ಎಲ್ಲಾದರೂ ಉಳಿದಿದ್ದರೆ ಅದು ನಮ್ಮೊಡನೆ ವ್ಯವಹರಿಸಲು ಅನುಕೂಲವಾಗುವ ಅತಿಸೂಕ್ಷ್ಮ ಉಪಕರಣವೊಂದನ್ನು ಎ‍ಡಿಸನ್ನನು ನಿರ್ಮಿಸುತ್ತಿದ್ದಾನೆ. ಜೀವವೆಂಬುದು ಕಣ್ಣಿಗೆ ಕಾಣದ ಅತಿಸೂಕ್ಷ್ಮ ಘಟಕಗಳ ಗುಂಪೆಂದೂ, ಮರಣದಲ್ಲಿ ಆ ಗುಂಪು ಬೇರೆಡೆಗೆ ಹೋಗುತ್ತದೆಂದೂ, ಅದು ಚದರದೆ ಒಟ್ಟಾಗಿ ಉಳಿದರೆ ವ್ಯಕ್ತಿತ್ವವೂ ಉಳಿಯಬಹುದೆಂದೂ ಅವನು ಊಹಿಸಿದನು. ೧೯೧೦ರ ಕೋಶಸಮುದಾಯದ ವಿಚಾರವೇ ಇಲ್ಲಿ ಬೇರೊಂದು ಬಾಗಿಲನ್ನು ತೆರೆದುಕೊಂಡಿತು. ಅವನು ಶ್ರದ್ಧೆಗೆ ಮರಳಿದನೆಂದು ಕೆಲವರು ಸಂತೋಷಪಟ್ಟರು. ಆದರೆ ಅವನ ಮಾತಿನಲ್ಲಿದ್ದ ‘ಉಳಿದಿದ್ದರೆ’ ಎಂಬ ಪದವನ್ನು ಗಮನಿಸಬೇಕು. ಅಂಥ ಉಪಕರಣವಾಗಲಿ ಅದರ ನಕ್ಷೆಯಾಗಲಿ ಅವನ ಕಾಗದಪತ್ರಗಳಲ್ಲಿ ದೊರೆತಿಲ್ಲ. ೧೯೨೬ರಲ್ಲಿ, ಅದೆಲ್ಲ ತಮಾಷೆಗಾಗಿ ಹೇಳಿದ್ದೆಂದು ಅವನು ನುಡಿದುದಾಗಿಯೂ ವರದಿಯಾಯಿತು.

೮

ಎಡಿಸನ್ನನು ೧೯೩೧ರ ಅಕ್ಟೋಬರ್ ೧೮ರಂದು ಗ್ಲೆನ್‌ಮಾಂಟಿನಲ್ಲಿ ತನ್ನ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಅಂತ್ಯಕ್ರಿಯೆ ಕ್ರೈಸ್ತ ವಿಧಿಯಂತೆ ನಡೆಯಿತು. ವಿದ್ಯುದ್ದೀಪದ ಪ್ರಯೋಗವು ಸಫಲವಾಗಿ ಐವತ್ತೆರಡು ವರ್ಷ ತುಂಬಿದ ಅಕ್ಟೋಬರ್ ೨೧ರ ರಾತ್ರಿ, ಅಧ್ಯಕ್ಷ ಹೂವರನ ಕೋರಿಕೆಯಂತೆ ಅಮೆರಿಕದ ಜನರು ಒಂದು ನಿಮಿಷಕಾಲ ದೀಪಗಳನ್ನು ಮಂದಗೊಳಿಸಿ ಗೌರವ ಸಲ್ಲಿಸಿದರು. ಪೇಯ್ನನ ಶವದ ಹಿಂದೆ ನಡೆದವರನ್ನು ಇಲ್ಲಿ ನೆನೆದರೆ, ಗುರುಶಿಷ್ಯರ ಗತಿಗಳಲ್ಲಿದ್ದ ಅಂತರವು ಸ್ಪಷ್ಟವಾಗುತ್ತದೆ.

ಅವನ ಕೊನೆಯ ದಿನಗಳಿಂದ ಎರಡು ಮಾತುಗಳು ನಮಗೆ ಬಂದಿವೆ. ಮರಣೋತ್ತರ ಜೀವನವನ್ನು ಕುರಿತು ಕೇಳಿದಾಗ, ಅದರಿಂದೇನೂ ಇಲ್ಲ, ಯಾರಿಗೂ ತಿಳಿಯದೆಂಬ ಅರ್ಥದ ಉತ್ತರವನ್ನಿತ್ತನೆಂಬುದು ಒಂದು. ಎಚ್ಚರ ತಪ್ಪಿದ್ದವನು ಒಮ್ಮೆ ಕಣ್ತೆರೆದು, ಅತ್ತ ಕಡೆ ಬಹಳ ಸುಂದರವಾಗಿದೆಯೆಂದು ನುಡಿದನೆಂಬುದು ಇನ್ನೊಂದು. ಸಂದೇಹವಾದಿಗಳು ಮೊದಲನೆಯದನ್ನು ಆರಿಸಿಕೊಂಡರು, ಶ್ರದ್ಧಾವಂತರು ಎರಡನೆಯದನ್ನು. ಎರಡನೆಯ ಮಾತು ಪರಲೋಕವನ್ನು ಕುರಿತದ್ದೋ ಕಿಟಕಿಯ ಹೊರಗಿನ ನೋಟವನ್ನು ಕುರಿತದ್ದೋ ಎಂಬುದು ನಿರ್ಣಯವಾಗುವಂತಿಲ್ಲ. ಪ್ರಜ್ಞೆ ಅರ್ಧ ಕಳೆದವನ ಮಾತನ್ನು ಯಾವ ಪಕ್ಷದವರೂ ಸಾಕ್ಷ್ಯವಾಗಿ ಎಣಿಸಬಾರದೆಂದು ನಮ್ಮ ಅಭಿಪ್ರಾಯ.

ಈ ಪ್ರಸಂಗದಿಂದ ವಿದ್ಯಾರ್ಥಿಗಳು ಗ್ರಹಿಸಬೇಕಾದ ಅಂಶಗಳು ಎರಡು. ಪ್ರಸಿದ್ಧನೊಬ್ಬನು ನಿರಾಕರಿಸಿದನೆಂದು ಕೇಳಿದಾಗ, ಏನನ್ನು ನಿರಾಕರಿಸಿದನೆಂದು ಅವನ ಮಾತಿನಲ್ಲಿಯೇ ಹುಡುಕಬೇಕು. ದೇವರು, ಆತ್ಮ, ಪರಲೋಕ, ಶಾಸ್ತ್ರಪ್ರಾಮಾಣ್ಯ ಎಂಬ ನಾಲ್ಕು ಪ್ರಶ್ನೆಗಳು ಒಂದೇ ಪ್ರಶ್ನೆಯಲ್ಲ. ಎರಡನೆಯದಾಗಿ, ವಿಚಾರದ ಬೆಲೆಯನ್ನು ವಿಚಾರಿಯೊಬ್ಬನೇ ತೆರುತ್ತಾನೆಂದು ಎಣಿಸಬಾರದು. ಸಂದೇಹಿಸುವ ಹಕ್ಕು ಎಡಿಸನ್ನನಿಗಿತ್ತು. ಅದನ್ನು ಯಾರೂ ಕಸಿದುಕೊಳ್ಳಲಿಲ್ಲ, ಕಸಿದುಕೊಳ್ಳಲೂಬಾರದು. ಆದರೆ ಆ ಹಕ್ಕಿನ ಚರಿತ್ರೆಯನ್ನು ಬರೆಯುವವರು ಅವನ ಪಕ್ಕದಲ್ಲಿ ಮೌನವಾಗಿದ್ದು, ತನ್ನ ಶ್ರದ್ಧೆಯನ್ನೂ ತನ್ನ ಗಂಡನನ್ನೂ ಎರಡನ್ನೂ ಬಿಡದೆ ಕಾಪಾಡಿಕೊಂಡ ಮೀನಾಳಿಗೆ ಒಂದು ಅಧ್ಯಾಯವನ್ನು ಮೀಸಲಿಡತಕ್ಕದ್ದು.